ಸಿಸ್ಟಂ ಮುಟ್ಟೋ ಹಾಗಿಲ್ಲ ಅಂದ್ರೆ ಸಾಫ್ಟ್‌ವೇರ್ ಹಾಕೋದು ಎಲ್ಲಿ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಮಾಮೂಲಿ ಬೆಂಬಲ ನಿಂತಿತು. ನಮ್ಮ ಅಕ್ಕನ ಮಗನ ಲ್ಯಾಪ್‌ಟಾಪ್ ಇನ್ನೂ ಗಟ್ಟಿಮುಟ್ಟಾಗಿದೆ. ಆದರೆ ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಅದರಲ್ಲಿಲ್ಲ, ಪ್ರೊಸೆಸರ್ ಕೂಡ ಹಳೇದು. ಹೊಸದಕ್ಕೆ ದುಡ್ಡು ಹಾಕುವ ಬದಲು, ವಿಂಡೋಸ್ ಜಾಗದಲ್ಲಿ ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡ. ಸ್ನೇಹಿತರು ಹೇಳಿದರು ಅಂತ ಅದರ ಹಲವು ಬಗೆಗಳಲ್ಲಿ ಫೆಡೋರಾ ಕಿನೊಯಿಟ್ ಆರಿಸಿಕೊಂಡ. ಎರಡನೇ ದಿನ ರಾತ್ರಿ ಫೋನ್ ಬಂತು.

“ಮಾಮ, ಇದೇನೋ ಕೆಟ್ಟಿದೆ ಅನ್ಸುತ್ತೆ. ವಿಡಿಯೋದಲ್ಲಿ ತೋರಿಸಿದ ಹಾಗೇ ಸುಡೊ ಡಿಎನ್‌ಎಫ್ ಇನ್‌ಸ್ಟಾಲ್ ಅಂತ ಹೊಡೆದೆ. ಸಿಸ್ಟಂ ರೀಡ್-ಓನ್ಲಿ ಅಂತಿದೆ. ಡಿಸ್ಕ್ ಹೋಯ್ತಾ?”

ಅವನು ಹೊಡೆದದ್ದು ಫೆಡೋರಾದಲ್ಲಿ ಸಾಫ್ಟ್‌ವೇರ್ ಹಾಕುವ ಮಾಮೂಲಿ ಆಜ್ಞೆ. ರೀಡ್-ಓನ್ಲಿ ಅಂದರೆ ಓದಬಹುದು, ಬರೆಯುವ ಹಾಗಿಲ್ಲ. ಡಿಸ್ಕ್ ಹೋಗಿರಲಿಲ್ಲ. ಅವನು ಹೆದರಿದ್ದು ತಪ್ಪೇನಲ್ಲ, ಡಿಸ್ಕ್ ಹಾಳಾಗುವಾಗಲೂ ಲಿನಕ್ಸ್ ಇದೇ ಮಾತು ಹೇಳುವುದುಂಟು. ಆದರೆ ಅವನು ಹಾಕಿಕೊಂಡಿದ್ದ ಬಗೆಯ ಲಿನಕ್ಸ್‌ನಲ್ಲಿ ಸಿಸ್ಟಂ ಭಾಗಕ್ಕೆ ಬೇಕೆಂದೇ ಬೀಗ ಹಾಕಿರುತ್ತಾರೆ. ಗೇಮ್ ಆಡುವವರು ಕೊಂಡಾಡುವ ಬಝೈಟ್, ವಾಲ್ವ್ ಕಂಪನಿಯ ಸ್ಟೀಮ್ ಡೆಕ್ ಅನ್ನುವ ಗೇಮ್ ಸಾಧನದಲ್ಲಿರುವ ಸ್ಟೀಮ್‌ಓಎಸ್, ಶಾಲೆ ಮಕ್ಕಳ ಕೈಯಲ್ಲಿರುವ ಕ್ರೋಮ್‌ಬುಕ್, ಎಲ್ಲ ಇದೇ ಜಾತಿಯವು. ಇವುಗಳಲ್ಲಿ ಸಾಫ್ಟ್‌ವೇರ್ ಹಾಕುವ ರೀತಿ ಬೇರೆ. ಹಳೇ ವಿಡಿಯೋಗಳು ಅದನ್ನು ಹೇಳಿಕೊಡುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಹೊಡೆಯುವ ಕಿಟಕಿಯಲ್ಲಿ, ಇಂಗ್ಲಿಷಲ್ಲೇ ಟೈಪ್ ಮಾಡಬೇಕು.

ಪ್ಯಾಕೇಜ್ ಅಂದರೆ ಏನು?

ಲಿನಕ್ಸ್ ಅನ್ನುವುದು ಒಂದೇ ದೊಡ್ಡ ಸಾಫ್ಟ್‌ವೇರ್ ಅಲ್ಲ. ಸಾವಿರಾರು ಸಣ್ಣ ಸಣ್ಣ ತುಂಡುಗಳನ್ನು ಸೇರಿಸಿ ಮಾಡಿದ್ದು. ಒಂದೊಂದು ತುಂಡನ್ನೂ ಕಟ್ಟಿಟ್ಟ ಪೊಟ್ಟಣವೇ ಪ್ಯಾಕೇಜ್. ಒಳಗೆ ಪ್ರೋಗ್ರಾಂನ ಕಡತಗಳಿರುತ್ತವೆ, ಮೇಲೆ ಒಂದು ಚೀಟಿ ಇರುತ್ತದೆ. ಹೆಸರು ಏನು, ಎಷ್ಟನೇ ಆವೃತ್ತಿ, ಇದು ನಡೆಯಬೇಕಾದರೆ ಜೊತೆಗೆ ಇನ್ನೇನೇನು ಬೇಕು ಅಂತ ಚೀಟಿಯಲ್ಲಿ ಬರೆದಿರುತ್ತದೆ. ಈ ‘ಜೊತೆಗೆ ಬೇಕಾದ್ದು’ ಅನ್ನುವುದಕ್ಕೆ ಡಿಪೆಂಡೆನ್ಸಿ ಅನ್ನುತ್ತಾರೆ. ಪೊಟ್ಟಣಗಳೆಲ್ಲ ಇರುವ ಆನ್‌ಲೈನ್ ಉಗ್ರಾಣಕ್ಕೆ ರೆಪೊ ಅಂತ ಹೆಸರು. ರೆಪೊದಿಂದ ತಂದು, ಚೀಟಿ ಓದಿ, ಬೇಕಾದ್ದನ್ನೆಲ್ಲ ಹುಡುಕಿ, ಸರಿಯಾದ ಜಾಗದಲ್ಲಿ ಇಡುವ ಕೆಲಸಗಾರನೇ ಪ್ಯಾಕೇಜ್ ಮ್ಯಾನೇಜರ್. ಡೆಬಿಯನ್, ಉಬುಂಟು ಅನ್ನುವ ಲಿನಕ್ಸ್‌ಗಳನ್ನು ಬಳಸಿದವರಿಗೆ ಎಪಿಟಿ ಗೊತ್ತು. ಫೆಡೋರಾದಲ್ಲಿ ಅದು ಡಿಎನ್‌ಎಫ್, ಆರ್ಚ್‌ನಲ್ಲಿ ಪ್ಯಾಕ್‌ಮನ್.

ಡಿಪೆಂಡೆನ್ಸಿ ಯಾಕೆ ಬೇಕು? ಹತ್ತು ಪ್ರೋಗ್ರಾಂಗಳಿಗೂ ಚಿತ್ರ ತೋರಿಸುವ ಕೆಲಸವಿದ್ದರೆ, ಹತ್ತರಲ್ಲೂ ಅದೇ ಕೋಡ್ ತುಂಬುವ ಬದಲು ಒಂದು ಕಡೆ ಇಟ್ಟು ಎಲ್ಲರೂ ಹಂಚಿಕೊಳ್ಳುತ್ತಾರೆ. ವಠಾರದ ನಲ್ಲಿ ಇದ್ದ ಹಾಗೆ. ಜಾಗ ಉಳಿಯುತ್ತದೆ. ಆದರೆ ಆ ನಲ್ಲಿ ರಿಪೇರಿಗೆ ಯಾರೋ ಕೈ ಹಾಕಿದರೆ ವಠಾರಕ್ಕೆಲ್ಲ ನೀರು ನಿಲ್ಲುತ್ತದೆ.

ಹಳೇ ಪದ್ಧತಿ ಎಲ್ಲಿ ಎಡವುತ್ತದೆ?

2021ರ ನವೆಂಬರ್‌ನಲ್ಲಿ ಇದು ಲಕ್ಷಾಂತರ ಜನರ ಕಣ್ಣೆದುರೇ ನಡೆಯಿತು. ಲೈನಸ್ ಟೆಕ್ ಟಿಪ್ಸ್ ಅನ್ನುವ ಯೂಟ್ಯೂಬ್ ಚಾನೆಲ್‌ನ ಲೈನಸ್ ಸೆಬಾಸ್ಟಿಯನ್, ಪಾಪ್ ಓಎಸ್ ಅನ್ನುವ ಲಿನಕ್ಸ್ ಹಾಕಿಕೊಂಡು ಅದರಲ್ಲಿ ಸ್ಟೀಮ್ ಅನ್ನುವ ಗೇಮ್‌ಗಳ ಆ್ಯಪ್ ಹಾಕಲು ಹೋದರು. ಆ ಹೊತ್ತಿಗೆ ರೆಪೊದಲ್ಲಿದ್ದ ಪ್ಯಾಕೇಜ್‌ಗಳ ನಡುವೆ ಒಂದು ಹೊಂದಾಣಿಕೆ ತಪ್ಪಿತ್ತು. ಪ್ಯಾಕೇಜ್ ಮ್ಯಾನೇಜರ್ ತನ್ನ ಲೆಕ್ಕ ಹಾಕಿ, ಸ್ಟೀಮ್ ಬರಬೇಕಾದರೆ ಡೆಸ್ಕ್‌ಟಾಪ್ ಅನ್ನೇ ತೆಗೆಯಬೇಕು ಅಂತ ತೀರ್ಮಾನಿಸಿತು. ‘ಹೌದು, ಹೇಳಿದ್ದು ಮಾಡು’ ಅನ್ನುವ ಅರ್ಥದ ವಾಕ್ಯವನ್ನು ಟೈಪ್ ಮಾಡಿ ಅಂತ ಕೇಳಿತು. ಅವರು ಮಾಡಿದರು. ಡೆಸ್ಕ್‌ಟಾಪ್ ಹೋಗಿ ಕಪ್ಪು ಪರದೆ ಉಳಿಯಿತು. ಅವರದ್ದೇ ತಪ್ಪು ಅಂತ ಕೆಲವರು ಅಂದರು. ಸ್ಟೀಮ್ ಹಾಕು ಅಂದವನ ಡೆಸ್ಕ್‌ಟಾಪ್ ಕೀಳಬಹುದಾದ ವ್ಯವಸ್ಥೆಯದ್ದೇ ತಪ್ಪು ಅಂತ ಉಳಿದವರು. ನಾನು ಎರಡನೇ ಗುಂಪಿನವನು.

ಇನ್ನೊಂದು ತೊಂದರೆ ನಮಗೆಲ್ಲ ಹತ್ತಿರದ್ದು. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ? ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ನನಗೇ ಹೀಗಾಗಿದೆ. ನಾನೂರಕ್ಕೂ ಜಾಸ್ತಿ ಪ್ಯಾಕೇಜ್ ಅಪ್‌ಡೇಟ್ ಇತ್ತು. ಅರ್ಧ ಮುಗಿದಿತ್ತು, ಫ್ಯಾನ್ ನಿಂತಿತು, ಪರದೆ ಆರಿತು. ಕರೆಂಟ್ ಬಂದ ಮೇಲೆ ನೋಡಿದರೆ ಅರ್ಧ ಹೊಸದು, ಅರ್ಧ ಹಳೇದು. ಅತ್ತ ಏಳುವುದೂ ಇಲ್ಲ, ಇತ್ತ ಮಲಗುವುದೂ ಇಲ್ಲ. ಆ ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಮೂರನೆಯದು ಕಣ್ಣಿಗೆ ಕಾಣುವುದಿಲ್ಲ. ಹೀಗೆ ಪ್ಯಾಕೇಜ್ ಸೇರಿಸುತ್ತಾ, ತೆಗೆಯುತ್ತಾ ಎರಡು ವರ್ಷ ಕಳೆದರೆ, ನಿಮ್ಮ ಕಂಪ್ಯೂಟರ್‌ನಲ್ಲಿರುವ ಜೋಡಣೆ ಜಗತ್ತಿನಲ್ಲಿ ಇನ್ನೆಲ್ಲೂ ಇರುವುದಿಲ್ಲ. ಆ ಜೋಡಣೆಯನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ‘ನನ್ನ ಹತ್ರ ಸರಿಯಾಗೇ ನಡೀತಿದೆಯಲ್ಲ’ ಅನ್ನುವ ಉತ್ತರ ಹುಟ್ಟುವುದು ಇಲ್ಲೇ.

ಹಾಲಿನ ಲೆಕ್ಕದ ಕ್ಯಾಲೆಂಡರ್

ಅಡುಗೆಮನೆ ಗೋಡೆಯ ಕ್ಯಾಲೆಂಡರ್ ನೆನೆಸಿಕೊಳ್ಳಿ. ವರ್ಷ ಮುಗಿದಾಗ ಹಳೇ ಕ್ಯಾಲೆಂಡರ್‌ನ ತಾರೀಕುಗಳನ್ನು ಒಂದೊಂದಾಗಿ ಅಳಿಸಿ ತಿದ್ದಲು ಯಾರೂ ಕೂರುವುದಿಲ್ಲ. ಮುದ್ರಣಾಲಯದಲ್ಲಿ ಅಚ್ಚಾದ ಹೊಸದನ್ನು ತಂದು ಅದೇ ಮೊಳೆಗೆ ನೇತು ಹಾಕುತ್ತೇವೆ. ತಪ್ಪಿದ್ದರೆ ಎಲ್ಲರ ಮನೆಯಲ್ಲೂ ಒಂದೇ ತಪ್ಪು ಇರುತ್ತದೆ, ಒಬ್ಬರು ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತದೆ.

ಇಮೇಜ್ ಆಧಾರದ ಲಿನಕ್ಸ್ ಅಂದರೆ ಇದೇ. ಇಲ್ಲಿ ಇಮೇಜ್ ಅಂದರೆ ಫೋಟೋ ಅಲ್ಲ. ಇಡೀ ಆಪರೇಟಿಂಗ್ ಸಿಸ್ಟಂನ ಪಡಿಯಚ್ಚು. ತಯಾರಕರು ತಮ್ಮ ಕಡೆಯ ಕಂಪ್ಯೂಟರ್‌ನಲ್ಲಿ ಪ್ಯಾಕೇಜ್‌ಗಳನ್ನೆಲ್ಲ ಜೋಡಿಸಿ, ಪರೀಕ್ಷೆ ಮಾಡಿ, ಒಂದು ಪೂರ್ತಿ ಪ್ರತಿ ಮಾಡುತ್ತಾರೆ. ನಿಮ್ಮ ಕಂಪ್ಯೂಟರ್‌ಗೆ ಬರುವುದು ಆ ಸಿದ್ಧ ಪ್ರತಿ. ಮುದ್ರಿತ ಭಾಗದ ಮೇಲೆ ಯಾರೂ ಗೀಚಬಾರದು, ಅದಕ್ಕೇ ರೀಡ್-ಓನ್ಲಿ. ಓದಬಹುದು, ಬಳಸಬಹುದು, ಬದಲಾಯಿಸುವ ಹಾಗಿಲ್ಲ.

ಆದರೆ ಕ್ಯಾಲೆಂಡರ್‌ನಲ್ಲಿ ನಾವು ಬರೆಯುವುದೂ ಇರುತ್ತದೆ, ಅಲ್ವಾ? ಹಾಲಿನವನು ಬಾರದ ದಿನಕ್ಕೆ ಒಂದು ಸುತ್ತು, ಗ್ಯಾಸ್ ಬುಕ್ ಮಾಡಿದ ತಾರೀಕಿಗೆ ಒಂದು ಗುರುತು. ಫೆಡೋರಾದ ಈ ಬಗೆಯ ಸಿಸ್ಟಂಗಳು ಇದನ್ನೂ ಯೋಚಿಸಿವೆ. ಡಿಸ್ಕ್‌ನಲ್ಲಿರುವುದನ್ನು ಮೂರು ಪಾಲು ಮಾಡಿವೆ. ‘ಯುಎಸ್‌ಆರ್’ ಅನ್ನುವ ಫೋಲ್ಡರ್‌ನಲ್ಲಿ ಸಿಸ್ಟಂನ ಪ್ರೋಗ್ರಾಂಗಳಿವೆ, ಅದೇ ಮುದ್ರಿತ ಭಾಗ, ಅದಕ್ಕೆ ಬೀಗ. ‘ವಾರ್’ ಫೋಲ್ಡರ್ ನಿಮ್ಮದು. ನಿಮ್ಮ ಹೋಮ್ ಫೋಲ್ಡರ್ ಕೂಡ ನಿಜವಾಗಿ ಇರುವುದು ಇದರೊಳಗೇ. ಫೋಟೋ, ದಾಖಲೆ, ಹಾಡು ಯಾವುದನ್ನೂ ಅಪ್‌ಡೇಟ್ ಮುಟ್ಟುವುದಿಲ್ಲ. ನಡುವಿನದ್ದು ‘ಇಟಿಸಿ’, ಸಿಸ್ಟಂ ಸೆಟ್ಟಿಂಗ್‌ಗಳ ಜಾಗ. ಹೊಸ ಇಮೇಜ್ ಬಂದಾಗ, ನೀವು ಕೈಯಾಡಿಸಿದ ಸೆಟ್ಟಿಂಗ್ ಕಡತಗಳನ್ನು ಹಾಗೇ ಉಳಿಸಿ, ಮುಟ್ಟದೇ ಇದ್ದವನ್ನು ಮಾತ್ರ ಹೊಸದಕ್ಕೆ ಬದಲಾಯಿಸುತ್ತದೆ. ಹಾಲಿನ ಲೆಕ್ಕವನ್ನು ಹೊಸ ಕ್ಯಾಲೆಂಡರ್‌ಗೆ ಯಾರೋ ಎತ್ತಿ ಬರೆದುಕೊಟ್ಟ ಹಾಗೆ.

ಅಪ್‌ಡೇಟ್ ಒತ್ತಿದಾಗ ಒಳಗೆ ಏನಾಗುತ್ತದೆ?

ಪ್ರತಿ ಸಲವೂ ಇಡೀ ಸಿಸ್ಟಂ ಡೌನ್‌ಲೋಡ್ ಮಾಡಬೇಕಾ ಅನ್ನುವುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಎರಡು ಪ್ರತಿ ಇಟ್ಟರೆ ಎರಡರಷ್ಟು ಜಾಗ ಬೇಡವೇ ಅನ್ನುವುದು ಎರಡನೆಯದು. ಕಿನೊಯಿಟ್ ಮತ್ತು ಅದರ ಸೋದರ ಫೆಡೋರಾ ಸಿಲ್ವರ್‌ಬ್ಲೂ ಬಳಸಿಕೊಂಡು ಬಂದಿರುವ ಓಎಸ್‌ಟ್ರೀ ಅನ್ನುವ ತಂತ್ರದಲ್ಲಿ ಎರಡಕ್ಕೂ ಉತ್ತರ ‘ಇಲ್ಲ’.

ಇದನ್ನು ಶುರು ಮಾಡಿದ್ದು ಕಾಲಿನ್ ವಾಲ್ಟರ್ಸ್. ಪ್ರೋಗ್ರಾಂ ಬರೆಯುವವರು ತಮ್ಮ ಕೋಡ್‌ನ ಹಳೇ ಹೊಸ ರೂಪಗಳನ್ನು ಕಾಪಾಡಲು ಗಿಟ್ ಬಳಸುತ್ತಾರೆ. ಅದೇ ಯೋಚನೆಯನ್ನು ಇಡೀ ಆಪರೇಟಿಂಗ್ ಸಿಸ್ಟಂಗೆ ಹೊಂದಿಸಿದರೆ ಓಎಸ್‌ಟ್ರೀ. ಪ್ರತಿ ಕಡತದ ಒಳಗಿರುವುದನ್ನು ಲೆಕ್ಕ ಹಾಕಿ ಒಂದು ಉದ್ದನೆಯ ಸಂಖ್ಯೆ ತೆಗೆಯುತ್ತಾರೆ. ಆ ಸಂಖ್ಯೆಯೇ ಕಡತದ ಬೆರಳಚ್ಚು. ಒಂದಕ್ಷರ ಬದಲಾದರೂ ಬೆರಳಚ್ಚು ಬೇರೆಯಾಗುತ್ತದೆ. ಕಡತಗಳನ್ನೆಲ್ಲ ಈ ಬೆರಳಚ್ಚಿನ ಹೆಸರಿನಲ್ಲೇ ಒಂದು ಕಣಜದಲ್ಲಿ ಇಡುತ್ತಾರೆ.

ಹೊಸ ಇಮೇಜ್ ಬಂತು ಅನ್ನಿ. ಅದು ಮೊದಲು ಕೇಳುವುದು, ನಿಮ್ಮ ಕಣಜದಲ್ಲಿ ಯಾವ ಬೆರಳಚ್ಚಿನವು ಇಲ್ಲ ಅಂತ. ಇಲ್ಲದವನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಆಮೇಲೆ ಹೊಸ ಸಿಸ್ಟಂನ ಫೋಲ್ಡರ್‌ಗಳನ್ನು ಪಕ್ಕದಲ್ಲಿ ಕಟ್ಟುತ್ತದೆ. ಅವುಗಳಲ್ಲಿರುವ ಹೆಸರುಗಳು ಕಣಜದ ಕಡತಗಳನ್ನೇ ತೋರಿಸುತ್ತವೆ. ಇದಕ್ಕೆ ಹಾರ್ಡ್ ಲಿಂಕ್ ಅನ್ನುತ್ತಾರೆ. ಒಬ್ಬನೇ ಮನುಷ್ಯನಿಗೆ ಮನೆಯಲ್ಲೊಂದು ಹೆಸರು, ಸ್ಕೂಲಲ್ಲೊಂದು ಹೆಸರು ಇದ್ದ ಹಾಗೆ. ಹೆಸರು ಎರಡು, ಆಸಾಮಿ ಒಬ್ಬನೇ. ಬದಲಾಗದ ಕಡತಗಳು ಹಳೇ ಪ್ರತಿಗೂ ಹೊಸ ಪ್ರತಿಗೂ ಒಂದೇ. ಅದಕ್ಕೇ ಜಾಗ ಎರಡರಷ್ಟಾಗುವುದಿಲ್ಲ.

ಗಮನಿಸಬೇಕಾದ್ದು ಏನೆಂದರೆ, ಇಷ್ಟೆಲ್ಲ ನಡೆಯುವಾಗ ನೀವು ಓಡಿಸುತ್ತಿರುವ ಸಿಸ್ಟಂನ ಒಂದು ಕಡತವೂ ಬದಲಾಗಿರುವುದಿಲ್ಲ. ಪಕ್ಕದಲ್ಲಿ ಹೊಸದು ಪೂರ್ತಿ ಸಿದ್ಧವಾದ ಮೇಲೆ ಮಾತ್ರ ‘ಮುಂದಿನ ಸಲ ಇದರಿಂದ ಏಳು’ ಅಂತ ಬೂಟ್ ಮೆನುವಿನಲ್ಲಿ, ಅಂದರೆ ಕಂಪ್ಯೂಟರ್ ಏಳುವಾಗ ಕಾಣುವ ಪಟ್ಟಿಯಲ್ಲಿ, ಒಂದು ಸಾಲು ಸೇರುತ್ತದೆ. ರೀಬೂಟ್ ಮಾಡಿದರೆ ಹೊಸದು. ನಡುವೆ ಕರೆಂಟ್ ಹೋದರೆ ಅರ್ಧ ಕಟ್ಟಿದ ಪ್ರತಿ ಲೆಕ್ಕಕ್ಕೇ ಇಲ್ಲ, ಹಳೇದು ಹಾಗೇ ಏಳುತ್ತದೆ. ಯುಪಿಐನಲ್ಲಿ ದುಡ್ಡು ಕಳಿಸುವಾಗ ನಮಗೆ ಬೇಕಾದ್ದೂ ಇದೇ. ಹೋದರೆ ಪೂರ್ತಿ ಹೋಗಬೇಕು, ಇಲ್ಲವೇ ನಮ್ಮ ಖಾತೆಯಲ್ಲೇ ಉಳಿಯಬೇಕು. ನಮ್ಮದರಲ್ಲಿ ಕಟ್ ಆಗಿ ಅವರಿಗೆ ಸೇರಿಲ್ಲ ಅನ್ನುವ ತ್ರಿಶಂಕು ಸ್ಥಿತಿ ಬೇಡ. ತಾಂತ್ರಿಕರು ಇದಕ್ಕೆ ಅಟಾಮಿಕ್ ಅನ್ನುತ್ತಾರೆ. 2024ರ ಫೆಬ್ರವರಿಯಲ್ಲಿ ಫೆಡೋರಾ ತನ್ನ ಈ ಸಿಸ್ಟಂಗಳ ಕುಟುಂಬಕ್ಕೆ ಅಟಾಮಿಕ್ ಡೆಸ್ಕ್‌ಟಾಪ್ಸ್ ಅಂತಲೇ ಹೆಸರಿಟ್ಟಿತು. ಜನ ಬಳಸುವ ‘ಇಮ್ಯೂಟಬಲ್’, ಅಂದರೆ ಬದಲಾಗದ್ದು, ಅನ್ನುವ ಪದಕ್ಕಿಂತ ಇದೇ ಸರಿ. ಯಾಕೆಂದರೆ ಸಿಸ್ಟಂ ಬದಲಾಗುತ್ತದೆ, ಆದರೆ ಒಂದೇ ಏಟಿಗೆ ಬದಲಾಗುತ್ತದೆ.

ಎಲ್ಲರೂ ಓಎಸ್‌ಟ್ರೀ ಬಳಸುವುದಿಲ್ಲ. 2011ರಲ್ಲಿ ಮಾರುಕಟ್ಟೆಗೆ ಬಂದ ಕ್ರೋಮ್‌ಬುಕ್‌ಗಳಲ್ಲಿ ಸಿಸ್ಟಂಗೆ ಎರಡು ಕೋಣೆಗಳಿವೆ, ಎ ಮತ್ತು ಬಿ. ಎ ಕೋಣೆಯಲ್ಲಿ ನೀವು ಕೆಲಸ ಮಾಡುತ್ತಿದ್ದರೆ ಬಿ ಕೋಣೆಯಲ್ಲಿ ಹೊಸದು ಬರೆಯುತ್ತಾರೆ. ಮುಂದಿನ ಸಲ ಬಿ. ಆಂಡ್ರಾಯ್ಡ್‌ಗೂ 2016ರ 7ನೇ ಆವೃತ್ತಿಯಿಂದ ಈ ಅನುಕೂಲ ಬಂತು. ಅಂದರೆ ನಿಮ್ಮ ಜೇಬಿನ ಫೋನ್ ಕೂಡ ಇದೇ ರೀತಿ ಅಪ್‌ಡೇಟ್ ಆಗುತ್ತಿರಬಹುದು. ಓಪನ್‌ಸೂಸೆಯ ಮೈಕ್ರೋಓಎಸ್ ಬಿಟಿಆರ್‌ಎಫ್‌ಎಸ್ ಡಿಸ್ಕ್ ವ್ಯವಸ್ಥೆಯ ಸ್ನ್ಯಾಪ್‌ಶಾಟ್‌ಗಳನ್ನು, ಅಂದರೆ ಆ ಕ್ಷಣದ ಸ್ಥಿತಿಯ ಪ್ರತಿಗಳನ್ನು, ನೆಚ್ಚಿಕೊಂಡಿದೆ. ನಿಕ್ಸ್‌ಓಎಸ್‌ನದ್ದು ಬೇರೆಯೇ ಲೋಕ, ಅದಕ್ಕೆ ಇನ್ನೊಂದು ಲೇಖನವೇ ಬೇಕು.

ಹಿಂದಕ್ಕೆ ಹೋಗುವುದು

ಹೊಸದರಲ್ಲಿ ವೈಫೈ ಬರುತ್ತಿಲ್ಲ ಅನ್ನಿ. ರೀಬೂಟ್ ಮಾಡಿ, ಬೂಟ್ ಮೆನುವಿನಲ್ಲಿ ಎರಡನೇ ಸಾಲು ಆರಿಸಿ. ನಿನ್ನೆಯ ಸಿಸ್ಟಂ ಎದ್ದು ಕೂರುತ್ತದೆ. ಅದನ್ನೇ ಕಾಯಂ ಮಾಡಬೇಕಾದರೆ ‘ಆರ್‌ಪಿಎಂ-ಓಎಸ್‌ಟ್ರೀ ರೋಲ್‌ಬ್ಯಾಕ್’ ಅನ್ನುವ ಆಜ್ಞೆ. ಅಷ್ಟೇ. ಸಾಮಾನ್ಯವಾಗಿ ಎರಡು ಪ್ರತಿಗಳು ಉಳಿದಿರುತ್ತವೆ. ಚೆನ್ನಾಗಿ ನಡೆಯುತ್ತಿರುವ ಒಂದನ್ನು ಅಳಿಸದಂತೆ ಪಿನ್ ಮಾಡಿಡಲೂ ಬಹುದು.

ಆದರೆ ಇದು ಕಾಲವನ್ನೇ ಹಿಂದಕ್ಕೆ ತಿರುಗಿಸುವ ಯಂತ್ರ ಅಂದುಕೊಳ್ಳಬೇಡಿ. ಹಿಂದಕ್ಕೆ ಹೋಗುವುದು ಸಿಸ್ಟಂ ಮಾತ್ರ. ನೀವು ಅಳಿಸಿದ ಫೋಟೋ ವಾಪಸ್ ಬರುವುದಿಲ್ಲ. ಹೊಸ ಆವೃತ್ತಿಯ ಪ್ರೋಗ್ರಾಂ ತನ್ನ ಡೇಟಾವನ್ನು ಹೊಸ ರೂಪಕ್ಕೆ ಬದಲಾಯಿಸಿಬಿಟ್ಟಿದ್ದರೆ, ಹಿಂದಿನ ಆವೃತ್ತಿ ಅದನ್ನು ನೋಡಿ ಕಕ್ಕಾಬಿಕ್ಕಿಯಾಗಬಹುದು. ಸೆಟ್ಟಿಂಗ್‌ಗಳ ‘ಇಟಿಸಿ’ ಮಾತ್ರ ಪ್ರತಿಯೊಂದು ಪ್ರತಿಗೂ ಬೇರೆ ಬೇರೆ ಇರುತ್ತದೆ. ಹೊಸದಕ್ಕೆ ಬಂದ ಮೇಲೆ ಬದಲಾಯಿಸಿದ ಸೆಟ್ಟಿಂಗ್ ಹಳೇದರಲ್ಲಿ ಕಾಣದಿದ್ದರೆ ಗಾಬರಿ ಬೇಡ. ಬ್ಯಾಕಪ್ ಇಡುವ ಕೆಲಸ ಈಗಲೂ ನಿಮ್ಮದೇ.

ಬೀಗ ಇದೆ ಅಂದ ಮಾತ್ರಕ್ಕೆ ವೈರಸ್ ಬರುವುದೇ ಇಲ್ಲ ಅಂತಲೂ ಅಲ್ಲ. ಕೆಟ್ಟ ಪ್ರೋಗ್ರಾಂ ಒಂದು ನಿಮ್ಮ ಹೋಮ್ ಫೋಲ್ಡರ್ ಸೇರಿಕೊಂಡರೆ, ಅಲ್ಲಿರುವುದನ್ನೆಲ್ಲ ಅದು ಓದಬಲ್ಲದು. ನಿಮಗೆ ಬೆಲೆ ಇರುವುದೆಲ್ಲ ಇರುವುದು ಅಲ್ಲೇ ತಾನೇ?

ಹಾಗಾದರೆ ಸಾಫ್ಟ್‌ವೇರ್ ಎಲ್ಲಿ ಹಾಕಬೇಕು?

ಹಳೇ ಪದ್ಧತಿಯಲ್ಲಿ ‘ಹೇಗೆ ಹಾಕೋದು’ ಅಂತ ಕೇಳುತ್ತಿದ್ದೆವು. ಇಲ್ಲಿ ಮೊದಲು ‘ಎಲ್ಲಿ ಹಾಕೋದು’ ಅಂತ ಕೇಳಬೇಕು. ಅಕ್ಕನ ಮಗನಿಗೆ ಮೂರು ವಸ್ತು ಬೇಕಿತ್ತು. ವಿಡಿಯೋ ನೋಡಲು ವಿಎಲ್‌ಸಿ, ಕಾಲೇಜಿನ ಲ್ಯಾಬ್ ಕೆಲಸಕ್ಕೆ ಸಿ ಕಂಪೈಲರ್ (ಸಿ ಭಾಷೆಯಲ್ಲಿ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಸಾಧನ), ಮನೆಯ ಹಳೇ ಪ್ರಿಂಟರ್‌ಗೆ ಡ್ರೈವರ್. ಮೂರಕ್ಕೂ ಮೂರು ಬೇರೆ ಜಾಗ.

ಕಿಟಕಿ ತೆರೆದುಕೊಂಡು ಕೆಲಸ ಮಾಡುವ ಆ್ಯಪ್‌ಗಳಿಗೆ ಫ್ಲಾಟ್‌ಪ್ಯಾಕ್. ಬ್ರೌಸರ್, ಆಫೀಸ್, ವಿಎಲ್‌ಸಿ, ಚಿತ್ರ ಬಿಡಿಸುವ ಸಾಫ್ಟ್‌ವೇರ್, ಎಲ್ಲ ಇದರಲ್ಲಿ ಸಿಗುತ್ತವೆ. ಫ್ಲಾಟ್‌ಪ್ಯಾಕ್ ಆ್ಯಪ್ ತನಗೆ ಬೇಕಾದ ಡಿಪೆಂಡೆನ್ಸಿಗಳಿಗೆ ಸಿಸ್ಟಂನ ಮುಂದೆ ಕೈ ಚಾಚುವುದಿಲ್ಲ. ಟಿಫನ್ ಕ್ಯಾರಿಯರ್ ಕಟ್ಟಿಕೊಂಡೇ ಬರುತ್ತದೆ. ಹಲವು ಆ್ಯಪ್‌ಗಳಿಗೆ ಬೇಕಾಗುವ ಸಾಮಾನ್ಯ ಭಾಗಗಳನ್ನು ರನ್‌ಟೈಮ್ ಅಂತ ಒಂದು ಕಟ್ಟಾಗಿ ಕೊಡುತ್ತಾರೆ. ಮೊದಲ ಆ್ಯಪ್ ಹಾಕಿದಾಗ ಈ ರನ್‌ಟೈಮ್ ಕೂಡ ಇಳಿಯುವುದರಿಂದ ನೂರಾರು ಎಂಬಿ ಡೌನ್‌ಲೋಡ್ ಆಗುತ್ತದೆ. ಫೋನ್‌ನ ಹಾಟ್‌ಸ್ಪಾಟ್ ನೆಚ್ಚಿಕೊಂಡವರಿಗೆ ಎದೆ ಧಸಕ್ ಅನ್ನುತ್ತದೆ. ಅದೇ ರನ್‌ಟೈಮ್ ಬಳಸುವ ಎರಡನೇ ಆ್ಯಪ್‌ಗೆ ಅಷ್ಟು ಬೇಕಾಗುವುದಿಲ್ಲ. ಇಂಥ ಆ್ಯಪ್‌ಗಳು ಸಿಗುವ ದೊಡ್ಡ ಅಂಗಡಿಯ ಹೆಸರು ಫ್ಲಾಟ್‌ಹಬ್. ಫ್ಲಾಟ್‌ಪ್ಯಾಕ್ ಕೂಡ ಒಳಗೊಳಗೆ ಓಎಸ್‌ಟ್ರೀಯನ್ನೇ ಬಳಸುತ್ತದೆ, ಅದೇ ಬೆರಳಚ್ಚು, ಅದೇ ಕಣಜ.

ಇದರಲ್ಲಿ ಹೊಸಬರು ಎಡವುವ ಜಾಗ ಅನುಮತಿ. ಫ್ಲಾಟ್‌ಪ್ಯಾಕ್ ಆ್ಯಪ್ ಒಂದು ಬೇಲಿಯೊಳಗೆ ಓಡುತ್ತದೆ. ‘ಪೆನ್‌ಡ್ರೈವ್‌ನಲ್ಲಿರೋ ಕಡತ ಕಾಣ್ತಿಲ್ಲ’ ಅಂದರೆ ಬಹಳ ಸಲ ಆ ಆ್ಯಪ್‌ಗೆ ಆ ಕಡೆ ನೋಡಲು ಅನುಮತಿ ಇರುವುದಿಲ್ಲ. ಫ್ಲಾಟ್‌ಸೀಲ್ ಅನ್ನುವ ಇನ್ನೊಂದು ಆ್ಯಪ್‌ನಲ್ಲಿ ಇದನ್ನು ಬದಲಾಯಿಸಬಹುದು.

ಎರಡನೇ ಜಾಗವನ್ನು ನಾನು ಹಿತ್ತಲು ಅಂತ ಕರೆಯುತ್ತೇನೆ. ಮನೆಯೊಳಗೆ ಮಾಡಲಾಗದ ಗಲೀಜು ಕೆಲಸಗಳಿಗೆ ಹಿತ್ತಲು ಇರುವುದು, ಅಲ್ವಾ? ಕಂಪೈಲರ್, ಪೈಥಾನ್‌ನ ನೂರೆಂಟು ಲೈಬ್ರರಿ, ಟರ್ಮಿನಲ್‌ನಲ್ಲಿ ಓಡುವ ಸಾಧನಗಳು ಇಲ್ಲಿಗೆ. ಇದಕ್ಕೆ ಟೂಲ್‌ಬಾಕ್ಸ್ ಅಥವಾ ಡಿಸ್ಟ್ರೋಬಾಕ್ಸ್ ಬೇಕು. ಇವು ಒಂದು ಕಂಟೇನರ್ ತೆರೆದುಕೊಡುತ್ತವೆ. ಕಂಟೇನರ್ ಅಂದರೆ ನಿಮ್ಮ ಸಿಸ್ಟಂನ ಒಳಗೇ ಇರುವ ಇನ್ನೊಂದು ಪುಟ್ಟ ಲಿನಕ್ಸ್, ಕರ್ನಲ್ (ಹಾರ್ಡ್‌ವೇರ್ ಜೊತೆ ಮಾತಾಡುವ ಸಿಸ್ಟಂನ ತಿರುಳು) ಮಾತ್ರ ನಿಮ್ಮದೇ. ‘ಟೂಲ್‌ಬಾಕ್ಸ್ ಕ್ರಿಯೇಟ್’, ಆಮೇಲೆ ‘ಟೂಲ್‌ಬಾಕ್ಸ್ ಎಂಟರ್’. ಒಳಗೆ ಹೋದ ಮೇಲೆ ‘ಸುಡೊ ಡಿಎನ್‌ಎಫ್ ಇನ್‌ಸ್ಟಾಲ್ ಜಿಸಿಸಿ’ ಅಂದರೆ ಮರುಮಾತಿಲ್ಲದೆ ನಡೆಯುತ್ತದೆ, ಜಿಸಿಸಿ ಅನ್ನುವುದೇ ಆ ಸಿ ಕಂಪೈಲರ್. ನಮ್ಮ ಹುಡುಗ ನೋಡಿದ ಹಳೇ ವಿಡಿಯೋದ ಬಹುಪಾಲು ಆಜ್ಞೆಗಳು ಇಲ್ಲಿ ಕೆಲಸಕ್ಕೆ ಬಂದವು. ಡಿಸ್ಟ್ರೋಬಾಕ್ಸ್‌ನಲ್ಲಂತೂ ಫೆಡೋರಾದ ಒಳಗೇ ಉಬುಂಟು, ಆರ್ಚ್ ಯಾವುದನ್ನು ಬೇಕಾದರೂ ಇಟ್ಟುಕೊಳ್ಳಬಹುದು. ಕೆಟ್ಟರೆ ಕಂಟೇನರ್ ಅಳಿಸಿ ಇನ್ನೊಂದು ಮಾಡಿಕೊಳ್ಳುವುದು. ಒಂದು ಎಚ್ಚರ ಇರಲಿ, ಈ ಹಿತ್ತಲಿಗೂ ಮನೆಗೂ ನಡುವೆ ಗೋಡೆ ಇಲ್ಲ. ನಿಮ್ಮ ಹೋಮ್ ಫೋಲ್ಡರ್ ಒಳಗಿನಿಂದ ಪೂರ್ತಿ ಕಾಣುತ್ತದೆ. ಅಲ್ಲಿ ಅಳಿಸಿದ್ದು ಇಲ್ಲೂ ಹೋಗುತ್ತದೆ.

ಮೂರನೆಯದು ಲೇಯರಿಂಗ್, ಅಂದರೆ ಇಮೇಜ್‌ನ ಮೇಲೆ ಒಂದು ಪದರ ಹಾಕುವುದು. ಪ್ರಿಂಟರ್ ಡ್ರೈವರ್, ಕೆಲವು ವಿಪಿಎನ್‌ಗಳಂಥವು ಸಿಸ್ಟಂನ ಒಳಗೇ ಇರಬೇಕು, ಬೇಲಿಯಾಚೆ ನಿಂತು ಕೆಲಸ ಮಾಡಲಾರವು. ಇವಕ್ಕೆ ‘ಆರ್‌ಪಿಎಂ-ಓಎಸ್‌ಟ್ರೀ ಇನ್‌ಸ್ಟಾಲ್’ ಅಂದು ಪ್ಯಾಕೇಜ್ ಹೆಸರು ಕೊಡಬೇಕು. ಆಗಲೂ ಅದು ಓಡುತ್ತಿರುವ ಸಿಸ್ಟಂ ಮುಟ್ಟುವುದಿಲ್ಲ. ಮೂಲ ಇಮೇಜ್ ತೆಗೆದುಕೊಂಡು, ಅದರ ಮೇಲೆ ನಿಮ್ಮ ಪ್ಯಾಕೇಜ್ ಸೇರಿಸಿ, ಪಕ್ಕದಲ್ಲಿ ಹೊಸ ಪ್ರತಿ ಕಟ್ಟುತ್ತದೆ. ರೀಬೂಟ್ ಆದ ಮೇಲೆ ಅದು ನಿಮ್ಮ ಸಿಸ್ಟಂ.

ಎಲ್ಲವನ್ನೂ ಹೀಗೇ ಹಾಕಿಬಿಟ್ಟರೆ ಏನು ಅಂತ ಅವನೂ ಕೇಳಿದ. ಹಾಕಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಇದು ಮುದ್ರಿತ ಕ್ಯಾಲೆಂಡರ್ ಮೇಲೆ ಸ್ಟಿಕ್ಕರ್ ಅಂಟಿಸಿದ ಹಾಗೆ. ಪ್ರತಿ ಹೊಸ ಕ್ಯಾಲೆಂಡರ್ ಬಂದಾಗಲೂ ಎಲ್ಲ ಸ್ಟಿಕ್ಕರ್‌ಗಳನ್ನೂ ಮತ್ತೆ ಅಂಟಿಸಬೇಕು. ಅದನ್ನು ಸಿಸ್ಟಂ ತಾನೇ ಮಾಡುತ್ತದೆ, ಆದರೆ ಹೊತ್ತು ಹಿಡಿಯುತ್ತದೆ. ಒಂದು ಪ್ಯಾಕೇಜ್ ಹೊಸ ಇಮೇಜ್‌ಗೆ ಹೊಂದದಿದ್ದರೆ ಇಡೀ ಅಪ್‌ಡೇಟ್ ನಿಲ್ಲುತ್ತದೆ. ಆಗ ಸ್ಟಿಕ್ಕರ್ ಕಿತ್ತರೆ ದಾರಿ ಬಿಡುತ್ತದೆ. ಎಷ್ಟು ಅಂಟಿಸಿದ್ದೀರಿ ಅಂತ ಮರೆತಿದ್ದರೆ ‘ಆರ್‌ಪಿಎಂ-ಓಎಸ್‌ಟ್ರೀ ಸ್ಟೇಟಸ್’ ಪಟ್ಟಿ ಕೊಡುತ್ತದೆ. ಎಲ್ಲ ಸಾಕು, ಮೂಲ ಇಮೇಜ್ ಸಾಕು ಅನ್ನಿಸಿದರೆ ‘ಆರ್‌ಪಿಎಂ-ಓಎಸ್‌ಟ್ರೀ ರೀಸೆಟ್’. ಮಾಮೂಲಿ ಲಿನಕ್ಸ್‌ನಲ್ಲಿ ಇಷ್ಟು ಸಲೀಸಾಗಿ ಮೊದಲಿನ ಹಾಗೆ ಆಗುವುದನ್ನು ನಾನು ಕಂಡಿಲ್ಲ.

ಸ್ಟೀಮ್ ಡೆಕ್ ಬಳಸುವವರಿಗೆ ಈ ಮೂರನೇ ಜಾಗ ಇಲ್ಲ. ಸ್ಟೀಮ್‌ಓಎಸ್ ಒಳಗೆ ಇರುವುದು ಆರ್ಚ್. ಬೀಗ ತೆಗೆಯುವ ಆಜ್ಞೆಯೂ ಇದೆ, ಪ್ಯಾಕ್‌ಮನ್‌ನಿಂದ ಬೇಕಾದ್ದು ಹಾಕಲೂ ಬಹುದು. ಮುಂದಿನ ಅಪ್‌ಡೇಟ್ ಬಂದಾಗ ಇಡೀ ಕೋಣೆ ಬದಲಾಗಿ, ಹಾಕಿದ್ದೆಲ್ಲ ಮಾಯ. ನೆನಪಿಟ್ಟುಕೊಂಡು ಮತ್ತೆ ಅಂಟಿಸುವವರು ಅಲ್ಲಿ ಯಾರೂ ಇಲ್ಲ. ಅಲ್ಲಿ ಫ್ಲಾಟ್‌ಪ್ಯಾಕ್ ಮೇಲೇ ಭಾರ ಹಾಕುವುದು ಕ್ಷೇಮ.

ಕನ್ನಡಕ್ಕೆ ಬೇಕಾದ್ದು

ಕನ್ನಡ ಫಾಂಟ್ ಹಾಕಲು ಇವುಗಳಲ್ಲಿ ಯಾವುದೂ ಬೇಡ. ಹೋಮ್ ಫೋಲ್ಡರ್‌ನೊಳಗೆ ಚುಕ್ಕೆಯಿಂದ ಶುರುವಾಗುವ ‘ಲೋಕಲ್’ ಅನ್ನುವ ಅಡಗಿದ ಫೋಲ್ಡರ್ ಇದೆ. ಅದರೊಳಗೆ ‘ಶೇರ್’, ಅದರೊಳಗೆ ‘ಫಾಂಟ್ಸ್’. ಕೊನೆಯದು ಇಲ್ಲದಿದ್ದರೆ ನೀವೇ ಮಾಡಿಕೊಳ್ಳಿ. ಗುಬ್ಬಿಯೋ ನವಿಲೋ, ನಿಮಗಿಷ್ಟವಾದ ಫಾಂಟ್ ಕಡತ ಅಲ್ಲಿ ಹಾಕಿದರೆ ಸಾಕು. ಫ್ಲಾಟ್‌ಪ್ಯಾಕ್ ಆ್ಯಪ್‌ಗಳಿಗೂ ಅದು ಕಾಣುತ್ತದೆ. ಆ್ಯಪ್ ತೆರೆದಿದ್ದರೆ ಒಮ್ಮೆ ಮುಚ್ಚಿ ತೆರೆಯಿರಿ.

ಕನ್ನಡ ಟೈಪ್ ಮಾಡುವ ವಿಷಯ ಹಾಗಲ್ಲ. ಐಬಸ್‌ನಂಥ ಇನ್‌ಪುಟ್ ವ್ಯವಸ್ಥೆ ಎಲ್ಲ ಆ್ಯಪ್‌ಗಳ ಬೆನ್ನ ಹಿಂದೆ ನಿಂತು ಕೀಲಿ ಒತ್ತಿದ್ದನ್ನು ಹಿಡಿದು ಅಕ್ಷರ ಮಾಡುತ್ತದೆ. ಅದು ಸಿಸ್ಟಂನ ಒಳಗಿರಬೇಕು, ಹಿತ್ತಲಲ್ಲಿ ಹಾಕಿದರೆ ಉಪಯೋಗವಿಲ್ಲ. ಮೊದಲು ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಲ್ಲಿ ಕನ್ನಡ ಇದೆಯಾ ನೋಡಿ. ನೀವು ಬಳಸುವ ವಿನ್ಯಾಸ ಅಲ್ಲಿ ಇಲ್ಲದಿದ್ದರೆ ಮಾತ್ರ ಅದರ ಪ್ಯಾಕೇಜ್ ಲೇಯರ್ ಮಾಡಿ. ಇದು ನಿಜಕ್ಕೂ ಒಂದು ಸ್ಟಿಕ್ಕರ್‌ಗೆ ಯೋಗ್ಯವಾದ ಕೆಲಸ.

ಪ್ಯಾಕೇಜ್ ಮ್ಯಾನೇಜರ್ ಎಲ್ಲಿಗೆ ಹೋಯಿತು?

ಎಲ್ಲಿಗೂ ಹೋಗಿಲ್ಲ. ನಿಮ್ಮ ಮನೆಯಿಂದ ಮುದ್ರಣಾಲಯಕ್ಕೆ ವರ್ಗವಾಗಿದೆ. ಇಮೇಜ್ ತಯಾರಿಸುವಾಗ ಪ್ಯಾಕೇಜ್‌ಗಳನ್ನು ಜೋಡಿಸುವುದು ಈಗಲೂ ಅದೇ. ಲೈನಸ್ ಸೆಬಾಸ್ಟಿಯನ್ ಅವರಿಗೆ ಬಂದಂಥ ಹೊಂದಾಣಿಕೆ ತಪ್ಪು ಅಲ್ಲಿ ಬಂದರೆ, ಹೊಸ ಇಮೇಜ್ ತಯಾರಾಗುವುದೇ ಇಲ್ಲ, ಅಥವಾ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಅವಕಾಶವಿದೆ. ತಲೆ ಕೆಡಿಸಿಕೊಳ್ಳುವವರು ತಯಾರಕರು, ನೀವಲ್ಲ.

ಆ ಮುದ್ರಣಾಲಯವನ್ನು ನೀವೂ ಇಟ್ಟುಕೊಳ್ಳಬಹುದು ಅನ್ನುವುದು ಈಚಿನ ವರ್ಷಗಳ ಬೆಳವಣಿಗೆ. ಬೂಟ್‌ಸಿ ಅನ್ನುವ ಸಾಧನ ಬಂದಿದೆ. ಸರ್ವರ್ ಕೆಲಸದವರಿಗೆ 2013ರಿಂದ ಡಾಕರ್ ಪರಿಚಿತ. ಏನೇನು ಸೇರಿಸಬೇಕು ಅಂತ ಒಂದು ಕಡತದಲ್ಲಿ ಬರೆದರೆ ಅದು ಕಂಟೇನರ್ ಇಮೇಜ್ ಕಟ್ಟಿಕೊಡುತ್ತದೆ. ಬೂಟ್‌ಸಿ ಅದೇ ರೀತಿಯ ಇಮೇಜ್‌ನಿಂದ ಕಂಪ್ಯೂಟರನ್ನೇ ಎಬ್ಬಿಸುತ್ತದೆ. ಕಡತದ ಮೊದಲ ಸಾಲಿನಲ್ಲಿ ‘ಫೆಡೋರಾದ ಈ ಇಮೇಜ್‌ನಿಂದ ಶುರು ಮಾಡು’. ಎರಡನೇ ಸಾಲಿನಲ್ಲಿ ‘ಡಿಎನ್‌ಎಫ್ ಇನ್‌ಸ್ಟಾಲ್’ ಮತ್ತು ನಿಮ್ಮ ಪ್ಯಾಕೇಜ್‌ಗಳು. ನೋಡಿ, ಮನೆಯಲ್ಲಿ ಬೇಡ ಅಂದ ಅದೇ ಆಜ್ಞೆ ಇಲ್ಲಿ ರಾಜಾರೋಷವಾಗಿ ಬಂತು! ಕಾಲೇಜಿನ ಲ್ಯಾಬ್‌ನಲ್ಲಿ ಅರವತ್ತು ಕಂಪ್ಯೂಟರ್ ಇದ್ದರೆ, ಒಂದು ಇಮೇಜ್ ಮಾಡಿ ಅರವತ್ತಕ್ಕೂ ಅದನ್ನೇ ಕೊಡಬಹುದು. ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ಗೆ 2024ರ ಮೇ ತಿಂಗಳಲ್ಲಿ ‘ಇಮೇಜ್ ಮೋಡ್’ ಅಂತ ಘೋಷಿಸಿದ್ದು ಇದನ್ನೇ ಆಧರಿಸಿ.

ಬಝೈಟ್, ಬ್ಲೂಫಿನ್, ಅರೋರಾ ಹುಟ್ಟಿದ್ದೂ ಹೀಗೇ. ಯೂನಿವರ್ಸಲ್ ಬ್ಲೂ ಅನ್ನುವ ಬಳಗದವರು ಫೆಡೋರಾದ ಇಮೇಜ್ ತೆಗೆದುಕೊಂಡು, ಅದಕ್ಕೆ ವಿಡಿಯೋ ಕೋಡೆಕ್, ಗೇಮ್‌ಗೆ ಬೇಕಾದ್ದು, ಎನ್ವಿಡಿಯಾ ಡ್ರೈವರ್ ಎಲ್ಲ ಸೇರಿಸಿ ತಮ್ಮದೇ ಇಮೇಜ್ ಕೊಡುತ್ತಾರೆ. ಎನ್ವಿಡಿಯಾ ಕಾರ್ಡ್ ಇರುವವರಿಗೆ ಇದು ದೊಡ್ಡ ವರ. ಆ ಡ್ರೈವರ್ ಕರ್ನಲ್‌ಗೆ ಅಂಟಿಕೊಂಡಿರುವಂ‍ಥದ್ದು, ಕರ್ನಲ್ ಬದಲಾದಾಗಲೆಲ್ಲ ಮತ್ತೆ ಕಟ್ಟಬೇಕು. ಮನೆಯಲ್ಲಿ ಕಟ್ಟಿ ಕೈ ಸುಟ್ಟುಕೊಳ್ಳುವ ಬದಲು, ಕಟ್ಟಿ ಸಿದ್ಧವಾದ ಇಮೇಜ್ ಇಳಿಸಿಕೊಂಡರಾಯಿತು. ಒಂದು ಇಮೇಜ್‌ನಿಂದ ಇನ್ನೊಂದಕ್ಕೆ ಹೋಗುವುದಕ್ಕೆ ರೀಬೇಸ್ ಅನ್ನುತ್ತಾರೆ. ಒಂದೇ ಆಜ್ಞೆ, ಒಂದು ರೀಬೂಟ್, ನಿಮ್ಮ ಕಡತಗಳು ಇದ್ದಲ್ಲೇ. ಆದರೆ ಗ್ನೋಮ್ ಡೆಸ್ಕ್‌ಟಾಪ್ ಇರುವುದರಿಂದ ಕೆಡಿಇ ಡೆಸ್ಕ್‌ಟಾಪ್ ಇರುವುದಕ್ಕೆ ಸುಮ್ನೆ ನೋಡೋಣ ಅಂತ ಜಿಗಿಯಬೇಡಿ. ಎರಡರ ಸೆಟ್ಟಿಂಗ್‌ಗಳೂ ಹೋಮ್ ಫೋಲ್ಡರ್‌ನಲ್ಲಿ ಕಲಸುಮೇಲೋಗರ ಆಗುತ್ತವೆ.

ಯಾರಿಗೆ ಒಗ್ಗುವುದಿಲ್ಲ?

ದಿನಾ ಕರ್ನಲ್ ಜೊತೆ ಆಟವಾಡುವವರಿಗೆ, ಸಿಸ್ಟಂನ ಒಂದೊಂದು ಕಡತವನ್ನೂ ತಿದ್ದಿ ಕಲಿಯಬೇಕು ಅನ್ನುವವರಿಗೆ ಮಾಮೂಲಿ ಲಿನಕ್ಸೇ ಸುಖ. ಡಿಸ್ಕ್ ತೀರಾ ಚಿಕ್ಕದಿದ್ದರೆ ರನ್‌ಟೈಮ್‌ಗಳು, ಕಂಟೇನರ್‌ಗಳು ಜಾಗ ತಿನ್ನುತ್ತವೆ. ಯಾವುದೋ ಕಂಪನಿ ತನ್ನ ಸಾಫ್ಟ್‌ವೇರ್‌ಗೆ ಸಿಸ್ಟಂನೊಳಗೇ ಕಡತ ಬರೆಯುವ ಇನ್‌ಸ್ಟಾಲರ್ ಕೊಟ್ಟಿದ್ದರೆ, ಅದು ಇಲ್ಲಿ ಮುಗ್ಗರಿಸಬಹುದು. ಅಂಥ ಒಂದು ಸಾಫ್ಟ್‌ವೇರ್ ಮೇಲೆ ನಿಮ್ಮ ಕೆಲಸ ನಿಂತಿದ್ದರೆ, ಮೊದಲು ಅದನ್ನು ವಿಚಾರಿಸಿಕೊಂಡು ಆಮೇಲೆ ಸಿಸ್ಟಂ ಆರಿಸಿಕೊಳ್ಳಿ.

ಅಕ್ಕನ ಮಗನ ಲ್ಯಾಪ್‌ಟಾಪ್‌ನಲ್ಲಿ ಈಗ ಸ್ಟೇಟಸ್ ನೋಡಿದರೆ ಲೇಯರ್ ಆದ ಪ್ಯಾಕೇಜ್ ಒಂದೇ ಒಂದು, ಪ್ರಿಂಟರ್‌ನದ್ದು. ಹಿತ್ತಲಲ್ಲಿ ಮಾತ್ರ ಮೂರು ಕಂಟೇನರ್ ಇವೆ. ಒಂದನ್ನು ಯಾಕೆ ಮಾಡಿದ್ದು ಅಂತ ಅವನಿಗೂ ನೆನಪಿಲ್ಲ.